ಪೆನ್ ಡ್ರೈವ್‌ನಿಂದ ಲಿನಕ್ಸ್: ಯಾವ ದಾರಿ ಯಾರಿಗೆ?

‘ಲಿನಕ್ಸ್ ಹಾಕ್ಕೋಬೇಕು, ಯಾವುದು ಚೆನ್ನಾಗಿದೆ?’ ಎಂದು ಯಾರಾದರೂ ಕೇಳಿದರೆ ವಿಂಡೋಸ್ ಬದಲಿಗೆ ಬಳಸಬಹುದಾದ ಈ ಆಪರೇಟಿಂಗ್ ಸಿಸ್ಟಮ್‌ನ ಉಬುಂಟು, ಮಿಂಟ್‌ನಂಥ ಬಗೆಗಳ ಹೆಸರು ಹೇಳುವ ಮೊದಲು ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ: ಲಿನಕ್ಸ್ ಹಾಕಲು ಬಳಸುವ ಪೆನ್ ಡ್ರೈವ್‌ನಿಂದ ನಿಮಗೆ ಆಗಬೇಕಾದ ಕೆಲಸ ಏನು? ಒಂದು ಸಲ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಮುಗಿಸಬೇಕೆ? ಹಾಕುವ ಮೊದಲು ಹೇಗಿದೆ ಎಂದು ನೋಡಬೇಕೆ? ನಾಲ್ಕಾರು ಲಿನಕ್ಸ್‌ಗಳನ್ನು ಒಟ್ಟಿಗೆ ಇಟ್ಟುಕೊಂಡು ತೂಗಿ ನೋಡಬೇಕೆ? ಇಲ್ಲ, ಇಡೀ ಸಿಸ್ಟಮನ್ನೇ ಜೇಬಿನಲ್ಲಿ ಹಾಕಿಕೊಂಡು ಓಡಾಡಬೇಕೆ? ನಾಲ್ಕಕ್ಕೂ ಬಳಸುವ ವಸ್ತು ಅದೇ ಪೆನ್ ಡ್ರೈವ್. ಆದರೆ ಅದನ್ನು ತಯಾರಿಸುವ ಸಾಫ್ಟ್‌ವೇರ್, ಬೇಕಾಗುವ ಜಾಗ, ಎದುರಾಗುವ ತೊಂದರೆ ಎಲ್ಲವೂ ಬೇರೆ ಬೇರೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಇರಬೇಕು, ಪ್ರೊಸೆಸರ್ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿರಬೇಕು. ಇನ್ನೂ ಗಟ್ಟಿಮುಟ್ಟಾಗಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಈ ಕಾರಣಕ್ಕೇ ಮೂಲೆ ಸೇರುವ ಹಂತಕ್ಕೆ ಬಂದಿವೆ. ಅಂಥ ಯಂತ್ರಕ್ಕೆ ಲಿನಕ್ಸ್ ಹಾಕುವುದು ಒಂದು ಸಂಜೆಯ ಕೆಲಸ. ಆ ಸಂಜೆ ಸುಸೂತ್ರವಾಗಿ ಕಳೆಯುತ್ತದೋ ತಲೆನೋವಾಗುತ್ತದೋ ಎಂಬುದು ಮಾತ್ರ ಇನ್‌ಸ್ಟಾಲ್ ಬಟನ್ ಒತ್ತುವ ಮೊದಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ.

ಪೆನ್ ಡ್ರೈವ್ ತಯಾರಿಸುವ ಸಾಫ್ಟ್‌ವೇರ್

ಡೌನ್‌ಲೋಡ್ ಮಾಡಿದ ಐಎಸ್‌ಒ ಫೈಲನ್ನು ಪೆನ್ ಡ್ರೈವ್‌ಗೆ ಸುಮ್ಮನೆ ಕಾಪಿ ಮಾಡಿದರೆ ಬೂಟ್ ಆಗುವುದಿಲ್ಲ, ಅಂದರೆ ಕಂಪ್ಯೂಟರ್ ಅದರಿಂದ ಶುರುವಾಗುವುದಿಲ್ಲ. ಐಎಸ್‌ಒ ಎಂಬುದು ಇಡೀ ಡಿಸ್ಕಿನ ಪಡಿಯಚ್ಚು. ಸಿಸ್ಟಮನ್ನು ಶುರು ಮಾಡುವ ಬೂಟ್‌ಲೋಡರ್, ಡಿಸ್ಕಿನ ಭಾಗಗಳ ಅಂದರೆ ಪಾರ್ಟಿಷನ್‌ಗಳ ವಿವರ, ಫೈಲುಗಳು ಎಲ್ಲ ಅದರೊಳಗೇ ಇರುತ್ತವೆ. ಅದನ್ನು ಪೆನ್ ಡ್ರೈವ್‌ಗೆ ಇಳಿಸಲು ಮೂರು ವಿಧಾನಗಳಿವೆ. ಒಂದು, ಐಎಸ್‌ಒದಲ್ಲಿರುವ ಪ್ರತಿ ಬೈಟನ್ನೂ ಇದ್ದ ಹಾಗೇ, ಪೆನ್ ಡ್ರೈವ್‌ನ ತೀರಾ ಮೊದಲಿನಿಂದ ಬರೆಯುತ್ತಾ ಹೋಗುವುದು. ಎರಡು, ಪೆನ್ ಡ್ರೈವನ್ನು ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿ, ಒಳಗಿನ ಫೈಲುಗಳನ್ನು ಬಿಚ್ಚಿ ಹಾಕಿ, ಬೂಟ್‌ಲೋಡರನ್ನು ಹೊಂದಿಸುವುದು. ಮೂರು, ಐಎಸ್‌ಒವನ್ನು ಫೈಲಾಗಿಯೇ ಬಿಟ್ಟು, ಅದನ್ನು ಅಲ್ಲಿಂದಲೇ ಬೂಟ್ ಮಾಡಿಸಬಲ್ಲ ಒಂದು ಪುಟ್ಟ ಮೆನುವನ್ನು ಕೂರಿಸುವುದು. ಈಗಿನ ಬಹುತೇಕ ಲಿನಕ್ಸ್ ಐಎಸ್‌ಒಗಳು ಹೈಬ್ರಿಡ್, ಅಂದರೆ ಡಿವಿಡಿಗೆ ಬರೆದರೂ ಪೆನ್ ಡ್ರೈವ್‌ಗೆ ಬರೆದರೂ ಬೂಟ್ ಆಗುವಂತೆ ಕಟ್ಟಿರುವಂಥವು. ಹಾಗಾಗಿ ಮೊದಲನೆಯ ವಿಧಾನವೇ ಎಲ್ಲಕ್ಕಿಂತ ನಂಬಿಕಸ್ಥ.

ವಿಂಡೋಸ್‌ನಲ್ಲಿ ಎಲ್ಲರ ಬಾಯಲ್ಲೂ ಇರುವ ಹೆಸರು ರೂಫಸ್. ತೀರಾ ಚಿಕ್ಕ ಸಾಫ್ಟ್‌ವೇರ್, ಇನ್‌ಸ್ಟಾಲ್ ಮಾಡುವ ಅಗತ್ಯವೂ ಇಲ್ಲ. ಆದರೆ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಅದರ ಶಕ್ತಿಯೂ ತೊಡಕೂ ಒಂದೇ: ಅದು ಪ್ರಶ್ನೆ ಕೇಳುತ್ತದೆ. ಪಾರ್ಟಿಷನ್ ಸ್ಕೀಮ್, ಅಂದರೆ ಡಿಸ್ಕನ್ನು ಭಾಗ ಮಾಡುವ ರೀತಿ, ಜಿಪಿಟಿಯೋ ಎಂಬಿಆರ್‌ ಓ? ಕಂಪ್ಯೂಟರನ್ನು ಎಬ್ಬಿಸುವ ಸಾಫ್ಟ್‌ವೇರ್ ಹೊಸ ಬಗೆಯ ಯುಇಎಫ್‌ಐ ಆಗಿರುವ ಯಂತ್ರಕ್ಕೆ ಜಿಪಿಟಿ ಇರಲಿ, ಬರೀ ಹಳೆಯ ಬಯಾಸ್ ಇರುವ ಯಂತ್ರಕ್ಕೆ ಎಂಬಿಆರ್. ಸ್ಟಾರ್ಟ್ ಒತ್ತಿದ ಮೇಲೆ ಇನ್ನೊಂದು ಕಿಟಕಿ ತೆರೆದು ಐಎಸ್‌ಒ ಮೋಡ್‌ನಲ್ಲಿ ಬರೆಯಲೋ ಡಿಡಿ ಮೋಡ್‌ನಲ್ಲಿ ಬರೆಯಲೋ ಎಂದು ಕೇಳುತ್ತದೆ. ಹೊಸಬರು ಗಾಬರಿಯಾಗುವುದು ಇಲ್ಲೇ. ಮೇಲೆ ಹೇಳಿದ ಎರಡನೆಯ ವಿಧಾನವೇ ಐಎಸ್‌ಒ ಮೋಡ್, ಮೊದಲನೆಯದೇ ಡಿಡಿ ಮೋಡ್. ಐಎಸ್‌ಒ ಮೋಡ್‌ನಲ್ಲಿ ಬರೆದರೆ ಉಳಿದ ಜಾಗದಲ್ಲಿ ಬೇರೆ ಫೈಲುಗಳನ್ನೂ ಇಟ್ಟುಕೊಳ್ಳಬಹುದು. ಹಾಗೆ ಬರೆದದ್ದು ಬೂಟ್ ಆಗದಿದ್ದರೆ ಹೆಚ್ಚು ತಲೆ ಕೆಡಿಸಿಕೊಳ್ಳದೆ ಡಿಡಿ ಮೋಡ್‌ನಲ್ಲಿ ಇನ್ನೊಮ್ಮೆ ಬರೆಯಿರಿ. ಡಿಡಿ ಮೋಡ್ ಆರಿಸಿಕೊಂಡಾಗ ಜಿಪಿಟಿ, ಎಂಬಿಆರ್ ಚರ್ಚೆಗೆ ಅರ್ಥವೇ ಇಲ್ಲ. ಪಾರ್ಟಿಷನ್ ಹೇಗಿರಬೇಕೆಂಬುದು ಐಎಸ್‌ಒದ ಒಳಗೇ ಬರೆದಿರುತ್ತದೆ.

ಬಲೆನಾ ಎಚರ್ ಇದಕ್ಕೆ ತದ್ವಿರುದ್ಧ. ಫೈಲ್ ಆರಿಸಿ, ಡ್ರೈವ್ ಆರಿಸಿ, ಫ್ಲಾಶ್ ಒತ್ತಿ, ಅಷ್ಟೇ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಇಷ್ಟು ಸಣ್ಣ ಕೆಲಸಕ್ಕೆ ನೂರು ಎಂಬಿ ಮೀರಿದ ಸಾಫ್ಟ್‌ವೇರ್ ಯಾಕೆ ಎಂಬ ದೂರು ನ್ಯಾಯವಾದದ್ದೇ. ಆದರೂ ಎರಡು ಕಾರಣಕ್ಕೆ ನಾನು ಮೊದಲ ಸಲದವರಿಗೆ ಇದನ್ನೇ ಹೇಳುತ್ತೇನೆ. ಕಂಪ್ಯೂಟರಿನ ಸ್ವಂತ ಡಿಸ್ಕನ್ನು ಅದು ಪಟ್ಟಿಯಲ್ಲಿ ಮುಂದೆ ತರುವುದಿಲ್ಲ, ಹಾಗಾಗಿ ಕೈತಪ್ಪಿ ವಿಂಡೋಸನ್ನೇ ಅಳಿಸಿಬಿಡುವ ಸಾಧ್ಯತೆ ತೀರಾ ಕಡಿಮೆ. ಜೊತೆಗೆ ಬರೆದು ಮುಗಿದ ಮೇಲೆ ಎಲ್ಲವನ್ನೂ ಮತ್ತೆ ಓದಿ, ಬರೆದದ್ದು ಸರಿಯಾಗಿ ಕೂತಿದೆಯೇ ಎಂದು ತಾಳೆ ನೋಡುತ್ತದೆ. ಈ ತಾಳೆ ನೋಡುವ ಹಂತವನ್ನು ದಯವಿಟ್ಟು ಸ್ಕಿಪ್ ಮಾಡಬೇಡಿ. ಅಗ್ಗದ ಪೆನ್ ಡ್ರೈವ್‌ಗಳ ಕೆಟ್ಟ ಭಾಗಗಳು ಬಯಲಾಗುವುದು ಇಲ್ಲೇ.

ವೆಂಟಾಯ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ 2020ರಲ್ಲಿ ಬಂದ ಇದು ಈ ಕೆಲಸದ ರೂಢಿಯನ್ನೇ ಬದಲಿಸಿತು. ಪೆನ್ ಡ್ರೈವ್‌ಗೆ ಒಂದೇ ಒಂದು ಸಲ ವೆಂಟಾಯ್ ಕೂರಿಸಬೇಕು. ಆಗ ಎರಡು ಪಾರ್ಟಿಷನ್ ಆಗುತ್ತವೆ: ಬೂಟ್‌ಗೆ ಬೇಕಾದದ್ದನ್ನು ಇಟ್ಟುಕೊಂಡಿರುವ 32 ಎಂಬಿಯ ಚಿಕ್ಕದೊಂದು, ಉಳಿದ ಜಾಗವೆಲ್ಲ ಎಕ್ಸ್‌ಫ್ಯಾಟ್ ಆಗಿರುವ ದೊಡ್ಡದೊಂದು. ಅಲ್ಲಿಂದ ಮುಂದೆ ಆ ದೊಡ್ಡ ಪಾರ್ಟಿಷನ್‌ಗೆ ಐಎಸ್‌ಒ ಫೈಲುಗಳನ್ನು ಫೋಟೋ, ಹಾಡು ಕಾಪಿ ಮಾಡುವಂತೆಯೇ ಕಾಪಿ ಮಾಡಿದರಾಯಿತು. ಬೂಟ್ ಮಾಡಿದಾಗ ಎಲ್ಲ ಐಎಸ್‌ಒಗಳ ಹೆಸರೂ ಮೆನುವಿನಲ್ಲಿ ಸಾಲಾಗಿ ಬರುತ್ತವೆ. ಬಾಣದ ಕೀಯಲ್ಲಿ ಇಳಿದು ಎಂಟರ್ ಒತ್ತಿದರೆ ಅದು ಶುರು. ಹೊಸ ಆವೃತ್ತಿ ಬಂದರೆ ಹಳೆಯ ಫೈಲನ್ನು ಅಳಿಸಿ ಹೊಸದನ್ನು ಹಾಕಬಹುದು, ಪೆನ್ ಡ್ರೈವ್ ಮತ್ತೆ ಬರೆಯುವ ಮಾತಿಲ್ಲ. ಮಿಂಟ್, ಫೆಡೋರಾ, ಡೆಬಿಯನ್, ವಿಂಡೋಸ್ ಇನ್‌ಸ್ಟಾಲರ್, ಜೊತೆಗೆ ಡಿಸ್ಕ್ ರಿಪೇರಿಯ ಒಂದೆರಡು ಸಾಧನ, ಎಲ್ಲವೂ ಒಂದೇ 64 ಜಿಬಿ ಪೆನ್ ಡ್ರೈವ್‌ನಲ್ಲಿ ಇರಬಲ್ಲವು.

ಹಾಗಾದರೆ ಎಲ್ಲರೂ ಇದನ್ನೇ ಬಳಸಬಾರದೇಕೆ? ಸೆಕ್ಯೂರ್ ಬೂಟ್ (ಒಪ್ಪಿತ ಸಹಿ ಇರುವ ಸಾಫ್ಟ್‌ವೇರನ್ನಷ್ಟೇ ಬೂಟ್ ಆಗಲು ಬಿಡುವ ಏರ್ಪಾಡು) ಆನ್ ಇರುವ ಯಂತ್ರದಲ್ಲಿ ಮೊದಲ ಸಲ ನೀಲಿ ಪರದೆಯೊಂದು ಬಂದು, ವೆಂಟಾಯ್‌ನ ಕೀಯನ್ನು ಎನ್ರೋಲ್ ಮಾಡಿ, ಅಂದರೆ ನಂಬುವ ಕೀಗಳ ಪಟ್ಟಿಗೆ ಸೇರಿಸಿ, ಎನ್ನುತ್ತದೆ. ನಾಲ್ಕು ಹೆಜ್ಜೆಯ ಕೆಲಸವೇ ಆದರೂ ಪ್ರತಿ ಹೊಸ ಯಂತ್ರದಲ್ಲೂ ಮಾಡಬೇಕು. ಬೇರೆಯವರ ಕಂಪ್ಯೂಟರಿನಲ್ಲಿ ಅವರನ್ನು ಕೇಳದೆ ಮಾಡುವಂಥದ್ದಲ್ಲ. ಎರಡನೆಯದಾಗಿ, ವೆಂಟಾಯ್ ಮೂಲಕ ಬೂಟ್ ಆದ ಇನ್‌ಸ್ಟಾಲರ್ ಕೆಲವೊಮ್ಮೆ ನಡುವೆ ಮುಗ್ಗರಿಸುತ್ತದೆ. ಅಂಥ ದೂರನ್ನು ಆಯಾ ಲಿನಕ್ಸ್‌ನವರಿಗೆ ಕೊಟ್ಟರೆ ‘ಮೊದಲು ಪೆನ್ ಡ್ರೈವ್‌ಗೆ ನೇರವಾಗಿ ಬರೆದು ನೋಡಿ’ ಎಂಬ ಉತ್ತರ ಬರುವುದು ಸಾಮಾನ್ಯ. ಮೂರನೆಯದು ನಂಬಿಕೆಯ ಪ್ರಶ್ನೆ. ವೆಂಟಾಯ್ ಓಪನ್ ಸೋರ್ಸ್ (ಅದರ ಕೋಡನ್ನು ಯಾರು ಬೇಕಾದರೂ ಓದಬಹುದು) ಆದರೂ ಮೊದಲೇ ಕಂಪೈಲ್ ಆದ, ಹಾಗೆ ಓದಿ ನೋಡಲಾಗದ ಬೈನರಿ ಫೈಲುಗಳು ಅದರ ಸೋರ್ಸ್ ಜೊತೆ ಸೇರಿವೆ ಎಂಬ ಆಕ್ಷೇಪ ಲಿನಕ್ಸ್ ಬಳಗದಲ್ಲಿ ವರ್ಷಗಳಿಂದ ಇದೆ. ಪ್ರಯೋಗಕ್ಕೆ, ರಿಪೇರಿಗೆ ನಾನು ಅದನ್ನು ಹಿಂದೆಮುಂದೆ ನೋಡದೆ ಬಳಸುತ್ತೇನೆ; ಹಣಕಾಸಿನ ಲೆಕ್ಕ, ಕಚೇರಿಯ ದಾಖಲೆ ಇರುವ ಯಂತ್ರಕ್ಕೆ ಲಿನಕ್ಸ್ ಹಾಕುವಾಗ ಒಂದೇ ಐಎಸ್‌ಒವನ್ನು ನೇರವಾಗಿ ಬರೆದ ಪೆನ್ ಡ್ರೈವನ್ನೇ ತೆಗೆದುಕೊಳ್ಳುತ್ತೇನೆ.

ಈಗಾಗಲೇ ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿರುವವರಿಗೆ ಡಿಡಿ ಕಮಾಂಡ್ ಕೈಗೆ ಸಿಗುವಂತೆಯೇ ಇದೆ. ಏನೂ ಡೌನ್‌ಲೋಡ್ ಮಾಡಬೇಕಿಲ್ಲ. ಆದರೆ ಅದು ‘ಖಂಡಿತವೇ?’ ಎಂದು ಕೇಳುವುದಿಲ್ಲ. ಡ್ರೈವ್‌ನ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ನಿಮ್ಮ ಮುಖ್ಯ ಡಿಸ್ಕಿನ ಮೇಲೇ ಬರೆದುಬಿಡುತ್ತದೆ. ಲಿನಕ್ಸ್‌ನಲ್ಲಿ ಪೆನ್ ಡ್ರೈವ್ ಚುಚ್ಚುವ ಮೊದಲು ಒಮ್ಮೆ, ಚುಚ್ಚಿದ ಮೇಲೆ ಒಮ್ಮೆ, ಡ್ರೈವ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಓಡಿಸಿ. ಹೊಸದಾಗಿ ಕಾಣಿಸಿಕೊಂಡ ಸಾಲೇ ನಿಮ್ಮ ಪೆನ್ ಡ್ರೈವ್. ಗಾತ್ರವೂ ಹೊಂದುತ್ತದೆಯೇ ನೋಡಿ. ಬರೆಯಬೇಕಾದದ್ದು ಇಡೀ ಡ್ರೈವ್‌ಗೆ, ಉದಾಹರಣೆಗೆ ಪಟ್ಟಿಯಲ್ಲಿ ಅದರ ಹೆಸರು ಎಸ್‌ಡಿಬಿ ಎಂದಿದ್ದರೆ ಎಸ್‌ಡಿಬಿಗೆ. ಎಸ್‌ಡಿಬಿ1 ಎಂಬ ಪಾರ್ಟಿಷನ್‌ಗೆ ಬರೆದರೆ ಬೂಟ್ ಆಗುವುದಿಲ್ಲ. ಇನ್ನೊಂದು ವಿಷಯ: ನಾಲ್ಕೈದು ಜಿಬಿ ಕೆಲವೇ ಸೆಕೆಂಡುಗಳಲ್ಲಿ ಬರೆದು ಮುಗಿಯಿತು ಎಂದು ತೋರಿದರೆ ನಂಬಬೇಡಿ. ಅದು ರ್‍ಯಾಮ್‌ಗೆ ಹೋಗಿದೆ, ಪೆನ್ ಡ್ರೈವ್‌ಗೆ ಇನ್ನೂ ಇಳಿಯುತ್ತಿದೆ. ಸಿಂಕ್ ಎಂಬ ಕಮಾಂಡ್ ಕೊಟ್ಟು, ಅದು ಮುಗಿದು ಪ್ರಾಂಪ್ಟ್ ಮರಳಿ ಬರುವವರೆಗೆ ಕಾಯಿರಿ. ನಿಧಾನದ ಪೆನ್ ಡ್ರೈವ್‌ನಲ್ಲಿ ಇದಕ್ಕೆ ಹತ್ತು ನಿಮಿಷವೂ ಹಿಡಿಯಬಹುದು. ಅಷ್ಟರಲ್ಲಿ ಕಿತ್ತರೆ ಅರ್ಧ ಬರೆದ ಪೆನ್ ಡ್ರೈವ್ ಕೈಯಲ್ಲಿ ಉಳಿಯುತ್ತದೆ, ಇನ್‌ಸ್ಟಾಲರ್ ನಡುವೆ ಎಲ್ಲೋ ಅರ್ಥವಾಗದ ಎರರ್ ಕೊಟ್ಟು ನಿಲ್ಲುತ್ತದೆ.

ಕಮಾಂಡ್ ಬೇಡ ಎನ್ನುವವರಿಗೆ ಆಯಾ ಲಿನಕ್ಸ್‌ನವರದೇ ಸಾಧನಗಳಿವೆ. ಮಿಂಟ್ ಜೊತೆಗೆ ಯುಎಸ್‌ಬಿ ಇಮೇಜ್ ರೈಟರ್ ಬರುತ್ತದೆ. ಫೆಡೋರಾ ಮೀಡಿಯಾ ರೈಟರ್ ಅಂತೂ ವಿಂಡೋಸ್ ಮತ್ತು ಮ್ಯಾಕ್‌ನಲ್ಲೂ ಓಡುತ್ತದೆ, ಐಎಸ್‌ಒ ಡೌನ್‌ಲೋಡ್‌ನಿಂದ ಹಿಡಿದು ಬರೆಯುವವರೆಗೆ ತಾನೇ ನೋಡಿಕೊಳ್ಳುತ್ತದೆ. ಫೆಡೋರಾ ಹಾಕುವುದೆಂದು ತೀರ್ಮಾನವಾಗಿದ್ದರೆ ಬೇರೆ ಯಾವುದನ್ನೂ ಹುಡುಕಬೇಡಿ. ಹಳೆಯ ಲೇಖನಗಳಲ್ಲಿ ಕಾಣುವ ಯುನೆಟ್‌ಬೂಟಿನ್ ಅನ್ನು ಈಗ ಪಕ್ಕಕ್ಕಿಡಬಹುದು.

ಬರೆದು ಮುಗಿದ ಮೇಲೆ ವಿಂಡೋಸ್‌ನಲ್ಲಿ ‘ಈ ಡಿಸ್ಕನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು’ ಎಂಬ ಕಿಟಕಿ ತೆರೆದುಕೊಳ್ಳಬಹುದು. ಪೆನ್ ಡ್ರೈವ್ ಹಾಳಾಗಿಲ್ಲ. ಅದರಲ್ಲಿರುವ ಲಿನಕ್ಸ್ ಪಾರ್ಟಿಷನ್‌ಗಳು ವಿಂಡೋಸ್‌ಗೆ ಅರ್ಥವಾಗಿಲ್ಲ, ಅಷ್ಟೇ. ಕ್ಯಾನ್ಸಲ್ ಒತ್ತಿ. 32 ಜಿಬಿ ಪೆನ್ ಡ್ರೈವ್ ಕೆಲವೇ ಎಂಬಿ ಎಂದು ತೋರಿದರೂ ಗಾಬರಿ ಬೇಡ. ಕೆಲಸವೆಲ್ಲ ಮುಗಿದ ಮೇಲೆ ರೂಫಸ್‌ನಲ್ಲಿ ‘ನಾನ್ ಬೂಟಬಲ್’ ಆರಿಸಿ ಫಾರ್ಮ್ಯಾಟ್ ಮಾಡಿದರೆ ಪೂರ್ತಿ ಜಾಗ ವಾಪಸ್ ಬರುತ್ತದೆ.

ಡೌನ್‌ಲೋಡ್ ಆದದ್ದು ಸರಿಯಾದದ್ದೇ?

2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್‌ನ ವೆಬ್‌ಸೈಟಿಗೇ ಕನ್ನ ಹಾಕಿ, ಮಿಂಟ್ 17.3 ಸಿನಮನ್ ಆವೃತ್ತಿಯ ಡೌನ್‌ಲೋಡ್ ಕೊಂಡಿಯನ್ನು ಹಿಂಬಾಗಿಲು ಇಟ್ಟ ಇನ್ನೊಂದು ಐಎಸ್‌ಒ ಕಡೆಗೆ ತಿರುಗಿಸಿದ್ದರು. ತಂಡದವರು ಬೇಗ ಕಂಡುಹಿಡಿದು ಬಹಿರಂಗವಾಗಿ ತಿಳಿಸಿದರು. ಆದರೆ ಆ ನಡುವೆ ಡೌನ್‌ಲೋಡ್ ಮಾಡಿಕೊಂಡವರ ಕೈಯಲ್ಲಿದ್ದದ್ದು ನಕಲಿ ಮಿಂಟ್. ಫೈಲಿನ ಬೆರಳಚ್ಚಿನಂತಿರುವ ಎಸ್‌ಎಚ್‌ಎ-256 ಚೆಕ್‌ಸಮ್ಮನ್ನು ಸೈಟಿನಲ್ಲಿ ಕೊಟ್ಟದ್ದರೊಡನೆ ತಾಳೆ ನೋಡುವುದನ್ನು ಶಿಷ್ಟಾಚಾರವೆಂದು ತಳ್ಳಿಹಾಕಬಾರದು ಎನ್ನಲು ಇದೊಂದು ಘಟನೆ ಸಾಕು.

ಇಲ್ಲೂ ಎರಡು ಹಂತದ ಆಯ್ಕೆ ಇದೆ. ಚೆಕ್‌ಸಮ್ ಮಾತ್ರ ತಾಳೆ ನೋಡಿದರೆ ಡೌನ್‌ಲೋಡ್ ನಡುವೆ ಕೆಟ್ಟಿಲ್ಲ ಎಂಬುದು ಖಚಿತವಾಗುತ್ತದೆ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್, ಲಿನಕ್ಸ್‌ನಲ್ಲಿ ಎಸ್‌ಎಚ್‌ಎ256ಸಮ್ ಕಮಾಂಡ್‌ಗಳು ಈ ಕೆಲಸ ಮಾಡುತ್ತವೆ. ಆದರೆ ಸೈಟಿಗೇ ನುಗ್ಗಿದವನು ಅಲ್ಲಿರುವ ಚೆಕ್‌ಸಮ್ಮನ್ನೂ ಬದಲಿಸಬಲ್ಲ. ಅದಕ್ಕಾಗಿಯೇ ಚೆಕ್‌ಸಮ್ ಪಟ್ಟಿಗೆ ಜಿಪಿಜಿ ಎಂಬ ಡಿಜಿಟಲ್ ಸಹಿ ಹಾಕಿರುತ್ತಾರೆ. ಆ ಸಹಿಯನ್ನೂ ಪರಿಶೀಲಿಸಿದರೆ ಫೈಲು ಅದನ್ನು ತಯಾರಿಸಿದವರದೇ ಎಂಬುದು ತಿಳಿಯುತ್ತದೆ. ಮನೆಯ ಲ್ಯಾಪ್‌ಟಾಪ್‌ಗೆ, ಅಧಿಕೃತ ಸೈಟಿನಿಂದಲೇ ಇಳಿಸಿಕೊಂಡಿದ್ದರೆ, ಚೆಕ್‌ಸಮ್ ಕನಿಷ್ಠ. ಹತ್ತಾರು ಜನ ಬಳಸುವ ಯಂತ್ರಗಳಿಗಾದರೆ ಸಹಿ ನೋಡದೆ ಮುಂದುವರಿಯಬೇಡಿ.

ಪೆನ್ ಡ್ರೈವ್ ಆಯ್ಕೆಯ ಬಗ್ಗೆ ಎರಡೇ ಮಾತು. ಒಂದು ಐಎಸ್‌ಒಗೆ 8 ಜಿಬಿ ಸಾಕು. ಯುಎಸ್‌ಬಿ 3 ಆಗಿದ್ದರೆ ಲೈವ್ ಸೆಷನ್ (ಪೆನ್ ಡ್ರೈವ್‌ನಿಂದಲೇ ಲಿನಕ್ಸ್ ಓಡಿಸಿ ನೋಡುವುದು) ಚುರುಕಾಗಿರುತ್ತದೆ. ಅನುಮಾನ ಹುಟ್ಟಿಸುವಷ್ಟು ಅಗ್ಗಕ್ಕೆ ಸಿಕ್ಕ ದೊಡ್ಡ ಪೆನ್ ಡ್ರೈವ್ ಸುಳ್ಳು ಗಾತ್ರ ಹೇಳುತ್ತಿರಬಹುದು. ವಿಂಡೋಸ್‌ನ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್‌ನ ಎಫ್3 ಇದನ್ನು ಪತ್ತೆ ಹಚ್ಚುತ್ತವೆ.

ನೋಡುವುದೋ, ಉಳಿಸಿಕೊಳ್ಳುವುದೋ, ಪೂರ್ತಿ ಹಾಕುವುದೋ

ಪೆನ್ ಡ್ರೈವ್‌ನಿಂದ ಬೂಟ್ ಮಾಡಿ ‘ಟ್ರೈ’ ಆರಿಸಿಕೊಂಡರೆ ಲಿನಕ್ಸ್ ಡೆಸ್ಕ್‌ಟಾಪ್ ತೆರೆದುಕೊಳ್ಳುತ್ತದೆ. ಇದೇ ಲೈವ್ ಸೆಷನ್. ನೀವಾಗಿ ಇನ್‌ಸ್ಟಾಲರನ್ನೋ ಪಾರ್ಟಿಷನ್ ಸಾಧನವನ್ನೋ ತೆರೆಯುವವರೆಗೆ ಹಾರ್ಡ್ ಡಿಸ್ಕಿಗೆ ಏನೂ ಆಗುವುದಿಲ್ಲ. ನೀವು ಮಾಡಿದ ಬದಲಾವಣೆಗಳೆಲ್ಲ ರ್‍ಯಾಮ್‌ನಲ್ಲಿ ಇರುತ್ತವೆ, ಶಟ್‌ಡೌನ್ ಆದೊಡನೆ ಹೋಗುತ್ತವೆ. ಬಹಳ ಜನ ಇಲ್ಲಿ ಎರಡು ನಿಮಿಷ ಮೆನು ತಿರುವಿ ಹಾಕಿ ‘ಚೆನ್ನಾಗಿದೆ’ ಎಂದು ಇನ್‌ಸ್ಟಾಲ್ ಒತ್ತಿಬಿಡುತ್ತಾರೆ. ನನ್ನ ಮಟ್ಟಿಗೆ ಇಡೀ ಪ್ರಕ್ರಿಯೆಯಲ್ಲಿ ಅತಿ ಬೆಲೆಬಾಳುವ ಅರ್ಧ ಗಂಟೆ ಇದೇ.

ಆ ಅರ್ಧ ಗಂಟೆಯಲ್ಲಿ ವಾಲ್‌ಪೇಪರ್ ನೋಡಬೇಡಿ, ಹಾರ್ಡ್‌ವೇರ್ ನೋಡಿ. ವೈಫೈ ಸಿಗುತ್ತಿದೆಯೇ? ಬ್ರಾಡ್‌ಕಾಮ್ ಚಿಪ್ ಇರುವ ಕೆಲವು ಲ್ಯಾಪ್‌ಟಾಪ್‌ಗಳಿಗೆ ಡ್ರೈವರ್ ಬೇರೆಯಾಗಿ ಹಾಕಬೇಕಾಗುತ್ತದೆ. ಆಗ ಫೋನಿನಿಂದ ಯುಎಸ್‌ಬಿ ಟೆದರಿಂಗ್ ಕೊಟ್ಟರೆ ಹೆಚ್ಚಿನ ಸಲ ನೆಟ್ ಬಂದು ದಾರಿ ತೆರೆಯುತ್ತದೆ. ಸ್ಪೀಕರ್ ಮತ್ತು ಹೆಡ್‌ಫೋನ್ ಎರಡರಲ್ಲೂ ಶಬ್ದ ಬರುತ್ತಿದೆಯೇ, ಬ್ರೈಟ್‌ನೆಸ್ ಕೀ ಕೆಲಸ ಮಾಡುತ್ತಿದೆಯೇ, ಟಚ್‌ಪ್ಯಾಡ್‌ನಲ್ಲಿ ಎರಡು ಬೆರಳಿನ ಸ್ಕ್ರಾಲ್ ಬರುತ್ತಿದೆಯೇ, ಕ್ಯಾಮೆರಾ, ಬ್ಲೂಟೂತ್, ಪ್ರಿಂಟರ್ ಹೇಗೆ? ಕೊನೆಗೆ ಲ್ಯಾಪ್‌ಟಾಪ್ ಮುಚ್ಚಿ, ಎರಡು ನಿಮಿಷ ಬಿಟ್ಟು ತೆರೆಯಿರಿ. ಪರದೆ ಮರಳಿ ಬೆಳಗಿ ವೈಫೈ ಮತ್ತೆ ಕೂಡಿಕೊಂಡರೆ ಅರ್ಧ ಚಿಂತೆ ಕಳೆಯಿತು. ಪರದೆ ಕಪ್ಪಾಗಿಯೇ ಉಳಿದರೆ ಅದೇ ತೊಂದರೆ ಇನ್‌ಸ್ಟಾಲ್ ಆದ ಮೇಲೂ ಬೆನ್ನು ಹತ್ತುವ ಸಂಭವ ಇದೆ. ಅಂಥಲ್ಲಿ ಇನ್ನೂ ಹೊಸ ಕರ್ನೆಲ್ (ಹಾರ್ಡ್‌ವೇರನ್ನು ನೋಡಿಕೊಳ್ಳುವ ಲಿನಕ್ಸ್‌ನ ತಿರುಳು) ಇರುವ ಐಎಸ್‌ಒ ಹಾಕಿ ನೋಡಿ. ಎನ್‌ವಿಡಿಯಾ ಕಾರ್ಡ್ ಇರುವ ಯಂತ್ರ ಲೈವ್ ಸೆಷನ್‌ಗೇ ತಲುಪದಿದ್ದರೆ ಬೂಟ್ ಮೆನುವಿನಲ್ಲಿ ಉಬುಂಟು ‘ಸೇಫ್ ಗ್ರಾಫಿಕ್ಸ್’ ಎಂದೂ ಮಿಂಟ್ ‘ಕಂಪ್ಯಾಟಿಬಿಲಿಟಿ ಮೋಡ್’ ಎಂದೂ ಕೊಟ್ಟಿರುವ ಆಯ್ಕೆ ಹಿಡಿಯಿರಿ.

ಮಾಡಿದ್ದು ಉಳಿಯಬೇಕು ಎಂದರೆ ಪರ್ಸಿಸ್ಟೆನ್ಸ್ ಇದೆ. ಪೆನ್ ಡ್ರೈವ್‌ನ ಒಂದಷ್ಟು ಜಾಗವನ್ನು ಬದಲಾವಣೆಗಳಿಗೆಂದು ಮೀಸಲಿಡುವ ಏರ್ಪಾಡು ಇದು. ರೂಫಸ್‌ನಲ್ಲಿ ಉಬುಂಟು, ಡೆಬಿಯನ್ ಲೈವ್‌ನಂಥ ಐಎಸ್‌ಒ ಆರಿಸಿದಾಗ ಅದಕ್ಕೊಂದು ಸ್ಲೈಡರ್ ಬರುತ್ತದೆ, ವೆಂಟಾಯ್‌ನಲ್ಲೂ ಪ್ಲಗಿನ್ ಇದೆ. ಫೈಲುಗಳು, ಸೆಟ್ಟಿಂಗ್‌ಗಳು, ಹಾಕಿಕೊಂಡ ಸಾಫ್ಟ್‌ವೇರ್ ಉಳಿಯುತ್ತವೆ. ಆದರೆ ಮೂಲ ಸಿಸ್ಟಮ್ ಬದಲಾಗದ, ಕಂಪ್ರೆಸ್ ಮಾಡಿದ ಒಂದು ಫೈಲಿನಲ್ಲೇ ಇದ್ದು, ನಿಮ್ಮ ಬದಲಾವಣೆ ಅದರ ಮೇಲೊಂದು ಪದರವಾಗಿ ಕೂರುತ್ತದೆ. ಅಪ್‌ಡೇಟ್ ಮಾಡುತ್ತಾ ಹೋದಂತೆ ಆ ಪದರ ಊದುತ್ತದೆ, ಹೊಸ ಕರ್ನೆಲ್ ಹಾಕಿದರೂ ಬೂಟ್ ಆಗುವುದು ಹಳೆಯದೇ. ಒಂದೆರಡು ವಾರದ ಪ್ರಯೋಗಕ್ಕೆ ಸರಿ, ದಿನನಿತ್ಯದ ಕೆಲಸಕ್ಕೆ ನಾನು ಒಪ್ಪುವುದಿಲ್ಲ.

ನಿಜವಾಗಿಯೂ ಒಯ್ಯಬಲ್ಲ ಸಿಸ್ಟಮ್ ಬೇಕಿದ್ದರೆ ಪೂರ್ತಿ ಇನ್‌ಸ್ಟಾಲನ್ನೇ ಹೊರಗಿನ ಡ್ರೈವ್‌ಗೆ ಮಾಡಿ. ಆ ಡ್ರೈವ್ ಮಾತ್ರ ಪೆನ್ ಡ್ರೈವ್ ಆಗದೆ ಯುಎಸ್‌ಬಿ ಎಸ್‌ಎಸ್‌ಡಿ ಆಗಿರಲಿ. ಪೆನ್ ಡ್ರೈವ್ ದೊಡ್ಡ ಫೈಲೊಂದನ್ನು ಸಲೀಸಾಗಿ ಬರೆಯುತ್ತದೆ, ಆದರೆ ಆಪರೇಟಿಂಗ್ ಸಿಸ್ಟಮ್ ಸೆಕೆಂಡಿಗೆ ನೂರಾರು ಸಲ ಬರೆಯುವ ಪುಟ್ಟ ಪುಟ್ಟ ತುಣುಕುಗಳಿಗೆ ಏದುಸಿರು ಬಿಡುತ್ತದೆ, ಬೇಗ ಸವೆಯುತ್ತದೆ. ಇನ್ನೊಂದು ಬಲೆ ಇದೆ, ಇದಕ್ಕೆ ಬಿದ್ದವರು ಬಹಳ. ಉಬುಂಟು ಮೊದಲು ಬಳಸುತ್ತಿದ್ದ, ಮಿಂಟ್ ಬಳಸುತ್ತ ಬಂದ ಯುಬಿಕ್ವಿಟಿ ಇನ್‌ಸ್ಟಾಲರ್, ಬೂಟ್‌ಲೋಡರನ್ನು ಹೊರಗಿನ ಡ್ರೈವ್‌ಗೆ ಹಾಕು ಎಂದು ಹೇಳಿದರೂ, ಯುಇಎಫ್‌ಐ ಯಂತ್ರದಲ್ಲಿ ಅದನ್ನು ಒಳಗಿನ ಡಿಸ್ಕಿನ ಇಎಫ್‌ಐ ಪಾರ್ಟಿಷನ್‌ಗೇ ಹಾಕಿಬಿಡುತ್ತದೆ. ಡ್ರೈವ್ ಕಿತ್ತು ಕಂಪ್ಯೂಟರ್ ಆನ್ ಮಾಡಿದರೆ ವಿಂಡೋಸ್ ಬದಲು ಲಿನಕ್ಸ್‌ನ ಬೂಟ್‌ಲೋಡರ್ ಆದ ಗ್ರಬ್‌ನ ಕಪ್ಪು ಪರದೆ ಎದುರಾಗಬಹುದು. ಡೆಸ್ಕ್‌ಟಾಪ್ ಆದರೆ ಒಳಗಿನ ಡಿಸ್ಕಿನ ಕೇಬಲ್ ಬಿಚ್ಚಿಟ್ಟು ಇನ್‌ಸ್ಟಾಲ್ ಮಾಡುವುದೇ ಅತಿ ಸುರಕ್ಷಿತ. ಲ್ಯಾಪ್‌ಟಾಪ್ ಆದರೆ ಬಯಾಸ್‌ನಲ್ಲಿ ಒಳಗಿನ ಡ್ರೈವನ್ನು ಡಿಸೇಬಲ್ ಮಾಡುವ ಅನುಕೂಲ ಇದೆಯೇ ನೋಡಿ.

ಯಾವ ಐಎಸ್‌ಒ?

ವಿಂಡೋಸ್‌ನಿಂದ ಬರುವವರಿಗೆ ನನ್ನ ಮೊದಲ ಮಾತು ಲಿನಕ್ಸ್ ಮಿಂಟ್. 2024ರ ಜುಲೈಯಲ್ಲಿ ಬಂದ ಮಿಂಟ್ 22 ಸರಣಿಗೆ ಉಬುಂಟು 24.04 ಬುನಾದಿ, 2029ರವರೆಗೆ ಅಪ್‌ಡೇಟ್ ಸಿಗುತ್ತದೆ. ಕನಿಷ್ಠ 2 ಜಿಬಿ ರ್‍ಯಾಮ್, ಆರಾಮಕ್ಕೆ 4 ಜಿಬಿ ಎಂದು ಅವರೇ ಹೇಳುತ್ತಾರೆ. ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆರೆಯುವ ಅಭ್ಯಾಸವಿದ್ದರೆ 8 ಜಿಬಿ ಇರಲಿ. ಸಿನಮನ್ ಆವೃತ್ತಿಯಲ್ಲಿ ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ಎಲ್ಲ ಕಣ್ಣಿಗೆ ಒಗ್ಗಿದ ಜಾಗದಲ್ಲೇ. ಯಂತ್ರ ತೀರಾ ಹಳೆಯದಾದರೆ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ ತೆಗೆದುಕೊಳ್ಳಿ.

ಉಬುಂಟು ಬೇಕೆಂದರೆ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲ) ಎಂದು ಬರೆದಿರುವುದನ್ನೇ ಆರಿಸಿ. ಎಲ್‌ಟಿಎಸ್‌ಗೆ 5 ವರ್ಷ ಅಪ್‌ಡೇಟ್ ಇದ್ದರೆ ನಡುವಿನ ಆವೃತ್ತಿಗಳಿಗೆ 9 ತಿಂಗಳು ಮಾತ್ರ. ತೊಂದರೆ ಬಂದು ಹುಡುಕಿದಾಗ ಸಿಗುವ ಉತ್ತರಗಳಲ್ಲಿ ಹೆಚ್ಚಿನವು ಉಬುಂಟುವಿಗೇ ಬರೆದಂಥವು, ಇದು ಸಣ್ಣ ಲಾಭವಲ್ಲ. ಹೊಚ್ಚ ಹೊಸ ಲ್ಯಾಪ್‌ಟಾಪ್ ಆದರೆ ಫೆಡೋರಾ. ಸುಮಾರು ಆರು ತಿಂಗಳಿಗೊಂದು ಆವೃತ್ತಿ, ಹೊಸ ಕರ್ನೆಲ್, ಹಾಗಾಗಿ ಹೊಸ ಹಾರ್ಡ್‌ವೇರ್ ಬೇಗ ಗುರುತು ಹಿಡಿಯುತ್ತದೆ. ಪ್ರತಿ ಆವೃತ್ತಿಗೂ ಸುಮಾರು 13 ತಿಂಗಳಷ್ಟೇ ಬೆಂಬಲ, ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಅಪ್‌ಗ್ರೇಡ್ ಮಾಡಬೇಕು. ಕೆಲವು ವಿಡಿಯೋ ಕೋಡೆಕ್‌ಗಳಿಗೆ ಆರ್‌ಪಿಎಂ ಫ್ಯೂಷನ್ ಎಂಬ ಹೊರಗಿನ ಸಾಫ್ಟ್‌ವೇರ್ ಭಂಡಾರವನ್ನು ಸೇರಿಸಿಕೊಳ್ಳಬೇಕು.

ಡೆಬಿಯನ್‌ಗೆ ‘ವೈಫೈ ಬರಲ್ಲ’ ಎಂಬ ಹಳೆಯ ಅಪಖ್ಯಾತಿ ಇದೆ. ಅದೀಗ ಸಲ್ಲ. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ವೈಫೈನಂಥ ಹಾರ್ಡ್‌ವೇರಿಗೆ ಬೇಕಾದ ಫರ್ಮ್‌ವೇರ್ ಅಧಿಕೃತ ಐಎಸ್‌ಒದಲ್ಲೇ ಇದೆ. ಒಮ್ಮೆ ಹಾಕಿ ವರ್ಷಗಟ್ಟಲೆ ಮುಟ್ಟದೆ ಬಿಡುವ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಅಲ್ಲಿ ನೆಟ್‌ಇನ್‌ಸ್ಟ್ ಮತ್ತು ಲೈವ್ ಎಂದು ಎರಡು ಬಗೆಯ ಐಎಸ್‌ಒ ಸಿಗುತ್ತವೆ. ನೆಟ್‌ಇನ್‌ಸ್ಟ್ ಚಿಕ್ಕದು, ಉಳಿದದ್ದನ್ನು ನೆಟ್‌ನಿಂದ ತರಿಸಿಕೊಳ್ಳುತ್ತದೆ, ಆದರೆ ಅದರಲ್ಲಿ ಇನ್‌ಸ್ಟಾಲ್ ಮಾಡುವ ಮೊದಲೇ ಬಳಸಿ ನೋಡುವ ಅವಕಾಶವಿಲ್ಲ. ಹೊಸಬರು ಲೈವ್ ತೆಗೆದುಕೊಳ್ಳಿ. 32 ಬಿಟ್ ಯಂತ್ರ ಇರುವವರು ಗಮನಿಸಬೇಕಾದ ಮಾತು: 2025ರ ಆಗಸ್ಟ್‌ನ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ, ಉಬುಂಟು ಡೆಸ್ಕ್‌ಟಾಪ್ 2017ರಲ್ಲೇ ನಿಲ್ಲಿಸಿತು.

ಡಿಸ್ಕಿನಲ್ಲಿ ಎಲ್ಲಿ?

ಇಡೀ ಡಿಸ್ಕ್ ಅಳಿಸಿ ಹಾಕುವುದು, ವಿಂಡೋಸ್ ಪಕ್ಕದಲ್ಲಿ ಹಾಕುವುದು, ಎರಡನೇ ಡಿಸ್ಕಿಗೆ ಹಾಕುವುದು, ಈ ಮೂರರಲ್ಲಿ ನನ್ನ ಒಲವು ಮೂರನೆಯದಕ್ಕೆ. ಡೆಸ್ಕ್‌ಟಾಪ್‌ನಲ್ಲೋ ಎರಡು ಸ್ಲಾಟ್ ಇರುವ ಲ್ಯಾಪ್‌ಟಾಪ್‌ನಲ್ಲೋ ಇನ್ನೊಂದು ಎಸ್‌ಎಸ್‌ಡಿ ಹಾಕಿದರೆ ಎರಡೂ ಸಿಸ್ಟಮ್ ಒಂದರ ತಂಟೆಗೆ ಒಂದು ಹೋಗದೆ ಇರುತ್ತವೆ. ವಿಂಡೋಸ್ ಬೇಡವೇ ಬೇಡ ಎಂದಿದ್ದರೆ ಇಡೀ ಡಿಸ್ಕ್ ಅಳಿಸುವುದು ಎಲ್ಲಕ್ಕಿಂತ ಸುಲಭ. ಎನ್‌ಕ್ರಿಪ್ಷನ್ (ಪಾಸ್‌ವರ್ಡ್ ಇಲ್ಲದೆ ಡಿಸ್ಕ್ ಓದಲಾಗದಂತೆ ಮಾಡುವುದು) ಬೇಕಿದ್ದರೂ ಒಂದು ಟಿಕ್‌ನಲ್ಲಿ ಮುಗಿಯುವುದು ಈ ದಾರಿಯಲ್ಲೇ.

ಬಹಳ ಜನ ಆರಿಸಿಕೊಳ್ಳುವುದು ಮಾತ್ರ ಅತಿ ನಾಜೂಕಾದ ದಾರಿಯನ್ನು, ಒಂದೇ ಡಿಸ್ಕಿನಲ್ಲಿ ಎರಡನ್ನೂ. ಅದಕ್ಕೆ ವಿಂಡೋಸ್ ಒಳಗೇ ಕೆಲವು ತಯಾರಿ ಬೇಕು. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದೆಯೇ ನೋಡಿ, ಇದ್ದರೆ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನಿಮಗೆ ಗೊತ್ತಿಲ್ಲದೆಯೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿರಬಹುದು, ಬೂಟ್ ಸೆಟ್ಟಿಂಗ್ ಮುಟ್ಟಿದ ತಕ್ಷಣ ಆ ಕೀ ಕೇಳಬಹುದು. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಆದಂತೆ ಕಂಡರೂ ವಿಂಡೋಸ್ ಅರೆನಿದ್ದೆಯಲ್ಲಿರುತ್ತದೆ, ಅದರ ಪಾರ್ಟಿಷನ್‌ಗೆ ಲಿನಕ್ಸ್‌ನಿಂದ ಬರೆಯಲು ಆಗುವುದಿಲ್ಲ. ಜಾಗ ಬಿಡಿಸುವುದನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಮಾಡಿ, ಬಿಡಿಸಿದ ಜಾಗವನ್ನು ಖಾಲಿ ಬಿಡಿ. ಇಷ್ಟಾದ ಮೇಲೂ ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಬಯಾಸ್‌ನಲ್ಲಿ ಸ್ಟೋರೇಜ್ ಮೋಡ್ ಇಂಟೆಲ್ ಆರ್‌ಎಸ್‌ಟಿ ಎಂದಿರುವ ಸಾಧ್ಯತೆ ಹೆಚ್ಚು. ಅದನ್ನು ಎಎಚ್‌ಸಿಐಗೆ ಬದಲಿಸಬೇಕು. ಆದರೆ ನೇರವಾಗಿ ಬದಲಿಸಿದರೆ ವಿಂಡೋಸ್ ಏಳುವುದೇ ಇಲ್ಲ. ಮೊದಲು ವಿಂಡೋಸನ್ನು ಸೇಫ್ ಮೋಡ್‌ಗೆ ಹೊಂದಿಸಿ, ರೀಸ್ಟಾರ್ಟ್ ಆಗುವಾಗ ಬಯಾಸ್‌ಗೆ ಹೋಗಿ ಬದಲಿಸಿ, ಸೇಫ್ ಮೋಡ್‌ನಲ್ಲಿ ಒಮ್ಮೆ ತೆರೆದು ಆಮೇಲೆ ಮಾಮೂಲಿಗೆ ತರಬೇಕು. ಮೂರರಲ್ಲಿ ಯಾವ ದಾರಿ ಹಿಡಿದರೂ ಬ್ಯಾಕಪ್ ಬೇರೆ ಡಿಸ್ಕಿನಲ್ಲಿ ಇರಲೇಬೇಕು.

ಬೂಟ್ ಮೆನುವಿಗೆ ಹೋಗಲು ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್. ಸೆಕ್ಯೂರ್ ಬೂಟನ್ನು ಮೊದಲೇ ಆಫ್ ಮಾಡುವ ಅಗತ್ಯ ಈಗ ಇಲ್ಲ. ಉಬುಂಟು, ಮಿಂಟ್, ಫೆಡೋರಾ, ಡೆಬಿಯನ್ ಎಲ್ಲವೂ ಅದು ಆನ್ ಇದ್ದಾಗಲೇ ಬೂಟ್ ಆಗುತ್ತವೆ. ಮೆನುವಿನಲ್ಲಿ ಪೆನ್ ಡ್ರೈವ್ ಎರಡು ಸಲ ಕಂಡರೆ ಯುಇಎಫ್‌ಐ ಎಂದಿರುವುದನ್ನೇ ಒತ್ತಿ.

ಇನ್‌ಸ್ಟಾಲ್ ಆದ ಮೇಲೆ ಪೆನ್ ಡ್ರೈವನ್ನು ಕೂಡಲೇ ಅಳಿಸಬೇಡಿ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಬಂದಾಗ ಬೂಟ್ ಕ್ರಮ ಬದಲಾಗಿ ಲಿನಕ್ಸ್ ಮಾಯವಾದಂತೆ ಕಾಣುವುದುಂಟು. ಹೆಚ್ಚಿನ ಸಲ ಬಯಾಸ್‌ಗೆ ಹೋಗಿ ಬೂಟ್ ಪಟ್ಟಿಯಲ್ಲಿ ಉಬುಂಟು ಅಥವಾ ಫೆಡೋರಾ ಎಂಬ ಹೆಸರನ್ನು ಮೇಲಕ್ಕೆ ತಂದರೆ ಸರಿಹೋಗುತ್ತದೆ. ಮಿಂಟ್ ಕೂಡ ಅಲ್ಲಿ ಉಬುಂಟು ಎಂಬ ಹೆಸರಿನಲ್ಲೇ ಇರುತ್ತದೆ. ಪಟ್ಟಿಯಲ್ಲಿ ಆ ಹೆಸರೇ ಇಲ್ಲದಿದ್ದರೆ ಅದೇ ಪೆನ್ ಡ್ರೈವ್‌ನಿಂದ ಲೈವ್ ಸೆಷನ್‌ಗೆ ಹೋಗಿ. ಮಿಂಟ್‌ನದಾದರೆ ಬೂಟ್ ರಿಪೇರಿ ಎಂಬ ಸಾಧನ ಅದರ ಮೆನುವಿನಲ್ಲೇ ಸಿಗುತ್ತದೆ. ಗ್ರಬ್ಬನ್ನು ಅಲ್ಲಿಂದಲೇ ಮತ್ತೆ ಕೂರಿಸಬಹುದು, ಫೈಲುಗಳಿಗೆ ಏನೂ ಆಗುವುದಿಲ್ಲ.